ಮಿಗ್ ಮಷಿನ್ನಿಗೆ ಸೆನ್ಸರ್ ಕಟ್ಟುವುದು: ದಾವಣಗೆರೆಯ ಟ್ರೈಲರ್ ಶೆಡ್ಡಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವರು ಬಾಣಲೆ ನೋಡದೆ ಹದ ಹೇಳುತ್ತಾರೆ. ಕಾದ ಮರಳಿಗೆ ಬಿದ್ದ ಅಕ್ಕಿಯ ಚಟಪಟ ಒಂದೇ ಲಯದಲ್ಲಿದ್ದರೆ ಸರಿ, ನಡುನಡುವೆ ತಡವರಿಸಿದರೆ ಎಲ್ಲೋ ಉರಿ ತಪ್ಪಿದೆ. ಸುರುಳಿಯಿಂದ ತಂತಿ ತಾನಾಗಿ ಬಂದು ಕರಗುವ ಮಿಗ್ ವೆಲ್ಡಿಂಗ್ ಸದ್ದೂ ಹೀಗೇ. ನಮ್ಮ ಶೆಡ್ಡಿನ ಹಿರಿಯ ವೆಲ್ಡರ್ ಬೆನ್ನು ತಿರುಗಿಸಿಕೊಂಡು ಚಹಾ ಕುಡಿಯುತ್ತಿದ್ದರೂ "ತಮ್ಮಾ, ಆ ಮೂರನೇ ಮಷಿನ್ನಿನ ಟಿಪ್ ಸವದೈತಿ ನೋಡು" ಅಂತಾರೆ. ಬಿಚ್ಚಿ ನೋಡಿದರೆ, ತಂತಿ ಹೊರಬರುವ ಟಿಪ್ಪಿನ ದುಂಡು ತೂತು ಮೊಟ್ಟೆಯಾಕಾರವಾಗಿರುತ್ತದೆ.

ಆದರೆ ಅವರಿಗೆ ಇರುವುದು ಎರಡೇ ಕಿವಿ, ಮಷಿನ್ ನಾಲ್ಕು. ಒಂದು ಸುಗ್ಗಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ಹೊರಟ ಟ್ರೈಲರೊಂದು ಟ್ರಾಕ್ಟರಿಗೆ ಕೊಂಡಿ ಹಾಕುವ ಡ್ರಾಬಾರ್ ಬೆಸುಗೆ ಬಿಟ್ಟುಕೊಂಡು ವಾಪಸ್ ಬಂತು. ಆ ಬೀಡನ್ನು (ಬೆಸುಗೆಯ ಗೆರೆಯನ್ನು) ಯಾರು, ಯಾವ ಮಷಿನ್ನಿನಲ್ಲಿ, ಎಷ್ಟು ಕರೆಂಟಿನಲ್ಲಿ ಹಾಕಿದರು ಅಂದರೆ ಯಾರ ಬಳಿಯೂ ಉತ್ತರ ಇರಲಿಲ್ಲ. ಅಲ್ಲಿಂದ ಶುರುವಾದ ಕೆಲಸ ಇದು. ಸಣ್ಣ, ಮಧ್ಯಮ ಫ್ಯಾಬ್ರಿಕೇಷನ್ ಶೆಡ್ ನಡೆಸುವವರಿಗಾಗಿ ಬರೆದಿದ್ದೇನೆ. ರೋಬೋ ಕೊಳ್ಳುವ ಯೋಚನೆ ಇದ್ದರೂ ಇರಲಿ, ಅದನ್ನು ಈ ಬರಹದ ಕೊನೆಯವರೆಗೆ ಪಕ್ಕಕ್ಕಿಡಿ. ಮೊದಲು ಅಳತೆ, ಆಮೇಲೆ ತುಂಡುಗಳನ್ನು ಜಾಗದಲ್ಲಿ ಹಿಡಿದಿಡುವ ಜಿಗ್, ಆಟೊಮೇಷನ್ ಅದರ ನಂತರ.

ಇಲ್ಲಿನ ಲೆಕ್ಕವೆಲ್ಲ 1.2 ಮಿ.ಮೀ. ಮೈಲ್ಡ್ ಸ್ಟೀಲ್ ತಂತಿ, ಸಿಓಟು ಗ್ಯಾಸ್, 140ರಿಂದ 180 ಆಂಪಿಯರ್ ಕೆಲಸಕ್ಕೆ.

ಹಂತ 1: ಕರೆಂಟ್

ನಾನು ಮಾಡಿದ ಮೊದಲ ತಪ್ಪು ಇಲ್ಲೇ. ಎಲೆಕ್ಟ್ರಿಕಲ್ ಅಂಗಡಿಯಿಂದ ಮೋಟಾರ್ ಪ್ಯಾನೆಲ್ಲಿಗೆ ಹಾಕುವ ಸಿಟಿ ತಂದು ವೆಲ್ಡಿಂಗ್ ಕೇಬಲ್ಲಿಗೆ ಸಿಕ್ಕಿಸಿದೆ. ಅರ್ಥವಿಲ್ಲದ ಅಂಕಿ ಬಂತು. ಸಿಟಿ ಎಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ಅದಕ್ಕೆ ಎಸಿ ಮಾತ್ರ ಕಾಣುತ್ತದೆ. ಮಿಗ್ ಮಷಿನ್ ಹೊರಗೆ ಕೊಡುವುದು ಡಿಸಿ. ಹಾಗಾಗಿ ಕಾಂತಕ್ಷೇತ್ರ ನೋಡಿ ಡಿಸಿಯನ್ನೂ ಅಳೆಯುವ ಹಾಲ್ ಇಫೆಕ್ಟ್ ಸೆನ್ಸರ್ ಬೇಕು. 300 ಆಂಪಿಯರ್ ಮಷಿನ್ನಿಗೆ 500 ಆಂಪಿಯರ್ ವರೆಗೆ ಓದುವಂಥದ್ದು ತಗೊಳ್ಳಿ; ತಂತಿ ಜಾಬಿಗೆ (ಬೆಸೆಯುವ ಲೋಹಕ್ಕೆ) ತಾಗಿ ಶಾರ್ಟ್ ಆದ ಕ್ಷಣದಲ್ಲಿ ಕರೆಂಟ್ ಸರಾಸರಿಗಿಂತ ಬಹಳ ಮೇಲೆ ಹಾರುತ್ತದೆ.

ಸೆನ್ಸರನ್ನು ಟಾರ್ಚ್ ಕಡೆ ಹಾಕಬೇಡಿ, ಅರ್ಥ್ ಕೇಬಲ್ಲಿಗೆ ಹಾಕಿ. ಸರ್ಕ್ಯೂಟ್ ಒಂದೇ ಆದ್ದರಿಂದ ಕರೆಂಟೂ ಅದೇ. ಅರ್ಥ್ ಕೇಬಲ್ ಮಷಿನ್ ಬಳಿ ಅಲುಗಾಡದೆ ಇರುತ್ತದೆ, ಕಿಡಿಯೂ ಸಿಡಿಯುವುದಿಲ್ಲ.

ಅಳತೆ ಸರಿ ಇದೆಯಾ ಎಂದು ನೋಡಲು 200 ಆಂಪಿಯರಿನ ಮೂಲ ಹುಡುಕಿಕೊಂಡು ಹೋಗಬೇಕಿಲ್ಲ. ಬ್ಯಾಟರಿ ಚಾರ್ಜರಿನಿಂದ 20 ಆಂಪಿಯರ್ ಡಿಸಿ ತಗೊಂಡು ಅದೇ ವೈರನ್ನು ಸೆನ್ಸರಿನ ಕಿಂಡಿಯೊಳಗೆ 10 ಸುತ್ತು ಹಾಯಿಸಿ. ಸೆನ್ಸರಿಗೆ ಅದು 200 ಆಂಪಿಯರಾಗಿಯೇ ಕಾಣುತ್ತದೆ. ಆ 20 ಆಂಪಿಯರನ್ನು ಒಂದು ಒಳ್ಳೆಯ ಡಿಸಿ ಕ್ಲ್ಯಾಂಪ್ ಮೀಟರಿನಿಂದ ಅಳೆದು ಹೋಲಿಸಿದರೆ ಮುಗಿಯಿತು. ಸೊನ್ನೆಯನ್ನು ಮಾತ್ರ ದಿನಾ ನೋಡಬೇಕು. ಓಪನ್ ಲೂಪ್ ಹಾಲ್ ಸೆನ್ಸರಿನ ಸೊನ್ನೆ ಬಿಸಿಗೆ ಜಾರುತ್ತದೆ, ಏಪ್ರಿಲ್ ಮಧ್ಯಾಹ್ನ ನಮ್ಮ ತಗಡಿನ ಶೆಡ್ಡಿನೊಳಗೆ ಎಷ್ಟು ಬಿಸಿ ಇರುತ್ತದೆ ಅಂತ ದಾವಣಗೆರೆಯವರಿಗೆ ಹೇಳಬೇಕಿಲ್ಲ. ಮಷಿನ್ ಸುಮ್ಮನಿದ್ದಾಗಲೆಲ್ಲ ಸೆನ್ಸರ್ ಓದುವ ಕಂಟ್ರೋಲರ್ ಪೆಟ್ಟಿಗೆ ತಾನೇ ಸೊನ್ನೆ ಹಿಡಿದುಕೊಳ್ಳುವ ಹಾಗೆ ಪ್ರೋಗ್ರಾಂ ಬರೆಯಿರಿ.

ಹಂತ 2: ವೋಲ್ಟೇಜ್, ಮತ್ತು ಅದನ್ನು ಎಲ್ಲಿ ಮುಟ್ಟಬೇಕು

ಮಷಿನ್ನಿನ ಮುಂದಿನ ಡಿಸ್‌ಪ್ಲೇ 21 ವೋಲ್ಟ್ ತೋರಿಸುತ್ತದೆ. ಆರ್ಕಿನಲ್ಲಿ, ಅಂದರೆ ತಂತಿಯ ತುದಿಯ ಉರಿಯಲ್ಲಿ, ಅಷ್ಟಿರುವುದಿಲ್ಲ. ಲೆಕ್ಕ ಹಾಕಿ: 50 ಚದರ ಮಿ.ಮೀ. ತಾಮ್ರದ ಕೇಬಲ್ಲಿಗೆ ಮೀಟರಿಗೆ ಸುಮಾರು 0.35 ಮಿಲಿಓಮ್ ರೋಧ. ಹೋಗುವುದು 15 ಮೀಟರ್, ಬರುವುದು 15 ಮೀಟರ್, ಒಟ್ಟು 10.5 ಮಿಲಿಓಮ್. 200 ಆಂಪಿಯರ್ ಹರಿದರೆ 2.1 ವೋಲ್ಟ್ ಕೇಬಲ್ಲಿನಲ್ಲೇ ಹೋಯಿತು. ಇದು ಲಗ್ಗುಗಳು ಗಟ್ಟಿ ಇದ್ದಾಗ. ತುಕ್ಕು ಹಿಡಿದ ಅರ್ಥ್ ಕ್ಲ್ಯಾಂಪ್ ಇದ್ದರೆ ಇನ್ನೂ ಹೆಚ್ಚು. ಎರಡು ವೋಲ್ಟ್ ಅಂದರೆ ಈ ಕೆಲಸದಲ್ಲಿ ಬೀಡಿನ ಆಕಾರವೇ ಬದಲಾಗುವಷ್ಟು.

ಆದ್ದರಿಂದ ಒಂದು ವೈರನ್ನು ವೈರ್ ಫೀಡರಿನಲ್ಲಿ ಟಾರ್ಚ್ ಸಿಕ್ಕಿಸುವ ಹಿತ್ತಾಳೆ ಬ್ಲಾಕಿಗೆ ಜೋಡಿಸಿ, ಇನ್ನೊಂದನ್ನು ನೇರ ಜಿಗ್ಗಿಗೆ. ಅರ್ಥ್ ಕ್ಲ್ಯಾಂಪಿಗೆ ಜೋಡಿಸಿದರೆ ಕ್ಲ್ಯಾಂಪಿನ ದೋಷ ಯಾವತ್ತೂ ಕಾಣುವುದಿಲ್ಲ. ಮಷಿನ್ನಿನ ಟರ್ಮಿನಲ್ಲಿನಲ್ಲೂ ಒಂದು ವೋಲ್ಟೇಜ್ ತಗೊಂಡರೆ ಎರಡರ ವ್ಯತ್ಯಾಸವೇ ನಿಮ್ಮ ಕೇಬಲ್ಲಿನ ಆರೋಗ್ಯ.

ವೋಲ್ಟೇಜ್ ವೈರನ್ನು ನೇರವಾಗಿ ಕಂಟ್ರೋಲರಿಗೆ ಕೊಡಬಾರದು. ವೋಲ್ಟೇಜ್ ಇಳಿಸುವ ರೆಸಿಸ್ಟರ್ ಡಿವೈಡರ್, ಅದರ ಮುಂದೆ ವೋಲ್ಟೇಜ್ ಜಿಗಿತ ತಡೆಯುವ ಟಿವಿಎಸ್ ಡಯೋಡ್, ನಂತರ ಎರಡೂ ಕಡೆಯ ವಿದ್ಯುತ್ ಸಂಪರ್ಕ ಬೇರ್ಪಡಿಸುವ ಐಸೊಲೇಷನ್ ಆಂಪ್ಲಿಫೈಯರ್, ಕೊನೆಗೆ ಕಂಟ್ರೋಲರ್. ಜಾಬಿನ ಬುಡದಲ್ಲೇ, ವೈರಿಗೆ ಒಂದು ಸಣ್ಣ ಫ್ಯೂಸ್. ಪೆಟ್ಟಿಗೆಗೆ ಬೇರೆ ಐಸೊಲೇಟೆಡ್ ಸಪ್ಲೈ. ಐಸೊಲೇಷನ್ ಇಲ್ಲದಿದ್ದರೆ, ಅರ್ಥ್ ಕ್ಲ್ಯಾಂಪ್ ಕಳಚಿದ ದಿನ ವೆಲ್ಡಿಂಗ್ ಕರೆಂಟ್ ನಿಮ್ಮ ಸಿಗ್ನಲ್ ವೈರಿನ ಮೂಲಕ ದಾರಿ ಹುಡುಕುತ್ತದೆ. ಇನ್ನೊಂದು: ಪಕ್ಕದ ಬೇಯಲ್ಲಿ ಟಿಗ್ ಮಷಿನ್ ಇದ್ದರೆ ಅದರ ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಹತ್ತಿರದ ಎಲೆಕ್ಟ್ರಾನಿಕ್ಸನ್ನು ಕೊಲ್ಲಬಲ್ಲದು. ಹೀಗೆ ನನ್ನ ಎರಡು ಬೋರ್ಡ್ ಸತ್ತವು. ಶೀಲ್ಡ್ ಕೇಬಲ್ ಬಳಸಿ, ಶೀಲ್ಡನ್ನು ಪೆಟ್ಟಿಗೆಯ ಕಡೆ ಮಾತ್ರ ಅರ್ಥ್ ಮಾಡಿ, ಪೆಟ್ಟಿಗೆ ಲೋಹದ್ದಿರಲಿ.

ಹಂತ 3: ತಂತಿ ಮತ್ತು ಗ್ಯಾಸ್

ತಂತಿಯ ವೇಗಕ್ಕೆ ಸುತ್ತು ಎಣಿಸುವ ಎನ್‌ಕೋಡರ್. ಅದನ್ನು ಫೀಡ್ ಮೋಟಾರಿಗೆ ಕೂರಿಸುವವರೇ ಹೆಚ್ಚು, ಸುಲಭ ನೋಡಿ. ಆದರೆ ರೋಲರ್ ಜಾರಿದಾಗ ಮೋಟಾರ್ ತಿರುಗುತ್ತಲೇ ಇರುತ್ತದೆ, ತಂತಿ ಮಾತ್ರ ನಿಂತಿರುತ್ತದೆ. ತಂತಿಯನ್ನೇ ಒತ್ತಿಕೊಂಡು ಬಿಡುವಾಗಿ ತಿರುಗುವ ಬೇರೊಂದು ಚಕ್ರಕ್ಕೆ ಎನ್‌ಕೋಡರ್ ಹಾಕಿ. 20 ಮಿ.ಮೀ. ವ್ಯಾಸದ ಚಕ್ರವಾದರೆ ಒಂದು ಸುತ್ತಿಗೆ 62.8 ಮಿ.ಮೀ. ತಂತಿ. ಆ ಚಕ್ರವನ್ನು ನಾವು ಹರಿಹರದಲ್ಲೇ ತಯಾರಾದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತಿನಲ್ಲಿ ತಿರುವಿಕೊಂಡೆವು. ಅದು ನಮ್ಮ ಶೆಡ್ಡಿನ ಅತ್ಯಂತ ನಂಬಿಕಸ್ಥ ಮಷಿನ್.

ಇದರಿಂದ ಬರುವ ಇನ್ನೊಂದು ಲಾಭ ಖರ್ಚಿನ ಲೆಕ್ಕ. 1.2 ಮಿ.ಮೀ. ತಂತಿ ಮೀಟರಿಗೆ ಸುಮಾರು 8.9 ಗ್ರಾಂ ತೂಗುತ್ತದೆ, 15 ಕೆ.ಜಿ. ಸುರುಳಿಯಲ್ಲಿ ಸುಮಾರು 1,690 ಮೀಟರ್. ಒಂದು ಟ್ರೈಲರಿಗೆ ಎಷ್ಟು ತಂತಿ ಎಂದು ಮಾಲೀಕರು ಕೇಳಿದಾಗ ಈಗ ಅಂದಾಜು ಹೇಳುವ ಪ್ರಮೇಯವಿಲ್ಲ.

ಗ್ಯಾಸಿಗೆ ಪ್ರೆಷರ್ ಸ್ವಿಚ್ ಸಾಲದು. ನಾಜಲ್ ತುಂಬ ಸ್ಪ್ಯಾಟರ್ (ಸಿಡಿದ ಲೋಹದ ಹನಿ) ಕಟ್ಟಿಕೊಂಡರೂ ಪೈಪಿನೊಳಗೆ ಒತ್ತಡ ಚೆನ್ನಾಗಿಯೇ ಇರುತ್ತದೆ. ಸಿಓಟುಗೆ ಕ್ಯಾಲಿಬ್ರೇಟ್ ಮಾಡಿದ ಫ್ಲೋ ಸೆನ್ಸರ್ ಬೇಕು. ಗಾಳಿಗೆ ಮಾಡಿದ್ದು ಬೇರೆ ಅಂಕಿ ಕೊಡುತ್ತದೆ. ನಿಮಿಷಕ್ಕೆ 12ರಿಂದ 18 ಲೀಟರ್ ಹರಿವು ಸರಿ. ರೆಗ್ಯುಲೇಟರಿನ ಹೀಟರ್ ಕೆಟ್ಟರೆ ಸಿಓಟು ಹೆಪ್ಪುಗಟ್ಟಿ ಹರಿವು ನಿಧಾನವಾಗಿ ಇಳಿಯುತ್ತದೆ, ಗ್ರಾಫಿನಲ್ಲಿ ಆ ಇಳಿಜಾರು ಚೆನ್ನಾಗಿ ಕಾಣುತ್ತದೆ.

ಕಾಣದೇ ಇರುವುದು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ವಿಂಡ್‌ಮಿಲ್ ಸಾಲು ನಿಲ್ಲಿಸಿದ್ದು ಸುಮ್ಮನೆ ಅಲ್ಲವಲ್ಲ. ಆಷಾಢದಲ್ಲಿ ಬಾಗಿಲು ತೆಗೆದಿಟ್ಟು ವೆಲ್ಡ್ ಮಾಡಿದರೆ ಸೆನ್ಸರ್ 15 ಲೀಟರ್ ಅನ್ನುತ್ತಲೇ ಇರುತ್ತದೆ, ಗಾಳಿ ಗ್ಯಾಸನ್ನು ಹಾರಿಸಿ ಬೀಡಿನ ತುಂಬ ಬ್ಲೋ ಹೋಲ್ (ಗುಳ್ಳೆಯ ತೂತು). ಇದಕ್ಕೆ ಸೆನ್ಸರಿಗಿಂತ ಒಂದು ತಾಡಪಾಲು ಒಳ್ಳೆಯದು.

ಹಂತ 4: ಎಷ್ಟು ವೇಗವಾಗಿ ಓದಬೇಕು

ಈ ಕರೆಂಟಿನಲ್ಲಿ ತಂತಿ ಸೆಕೆಂಡಿಗೆ 20ರಿಂದ 200 ಸಲ ಜಾಬಿಗೆ ತಾಗಿ, ಶಾರ್ಟ್ ಆಗಿ, ಕಳಚಿಕೊಳ್ಳುತ್ತದೆ. ಮಂಡಕ್ಕಿ ಸದ್ದು ಬರುವುದು ಅದರಿಂದಲೇ. ಸೆಕೆಂಡಿಗೆ ಹತ್ತು ಸಲ ಓದುವ ಮೀಟರಿಗೆ ಇದು ಯಾವುದೂ ಕಾಣುವುದಿಲ್ಲ, ಬರೀ ಸರಾಸರಿ ಸಿಗುತ್ತದೆ. ಕರೆಂಟ್, ವೋಲ್ಟೇಜ್ ಎರಡೂ ಚಾನೆಲ್ಲನ್ನು ಒಟ್ಟಿಗೆ, ಸೆಕೆಂಡಿಗೆ 10,000 ಸಲ ಓದುವಂತೆ ಮಾಡಿ. ಇಎಸ್‌ಪಿ32 ಬೋರ್ಡ್ ಸಾಕು, ಆದರೆ ವೋಲ್ಟೇಜನ್ನು ಅಂಕಿಯಾಗಿಸುವ ಅದರೊಳಗಿನ ಎಡಿಸಿ ಎರಡೂ ತುದಿಯಲ್ಲಿ ಸೊಟ್ಟಗೆ ಓದುತ್ತದೆ. ಎಂಸಿಪಿ3208ರಂಥ ಹೊರಗಿನ ಚಿಪ್ ಸೇರಿಸಿ.

ಎಲ್ಲವನ್ನೂ ಉಳಿಸಿಡಲು ಹೋಗಬೇಡಿ. ಎರಡು ಚಾನೆಲ್, ಒಂದೊಂದು ಓದಿಗೆ ಎರಡು ಬೈಟ್ ಎಂದರೆ ಸೆಕೆಂಡಿಗೆ 40 ಕಿಲೋಬೈಟ್, ಆರ್ಕ್ ಉರಿದ ಒಂದು ಗಂಟೆಗೆ 144 ಮೆಗಾಬೈಟ್. ನಾಲ್ಕು ಮಷಿನ್, ಎರಡು ಶಿಫ್ಟ್ ಅಂದರೆ ವಾರದಲ್ಲಿ ಕಾರ್ಡ್ ತುಂಬುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಸಾರಾಂಶ ಮಾಡಿ ಕಳಿಸಿ: ಸರಾಸರಿ ಕರೆಂಟ್, ಸರಾಸರಿ ವೋಲ್ಟೇಜ್, ಎರಡರ ಏರಿಳಿತ, ಶಕ್ತಿ, ಶಾರ್ಟ್ ಎಣಿಕೆ. ವೋಲ್ಟೇಜ್ 10ರ ಕೆಳಗೆ ಬಿದ್ದರೆ ಒಂದು ಶಾರ್ಟ್ ಎಂದು ಎಣಿಸಿ. ಮತ್ತೆ 14 ದಾಟಿದ ಮೇಲೆಯೇ ಮುಂದಿನದ್ದು, ಇಲ್ಲದಿದ್ದರೆ ಒಂದನ್ನೇ ಎರಡೆರಡು ಸಲ ಎಣಿಸುತ್ತೀರಿ. ಪೂರ್ತಿ ಕಚ್ಚಾ ಡೇಟಾ ಮಿತಿ ಮೀರಿ ಗಂಟೆ ಬಾರಿಸಿದ ಬೀಡುಗಳಿಗೆ (ಹಂತ 7) ಮಾತ್ರ.

ವೈಫೈಯಿಂದ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯಲ್ಲಿ ಒಂದು ಪುಟ್ಟ ಕಂಪ್ಯೂಟರಿಗೆ, ಅಂದರೆ ರಾಸ್ಪ್‌ಬೆರಿ ಪೈಗೆ, ಅಲ್ಲಿ ಒಂದು ಡೇಟಾಬೇಸ್, ಗ್ರಫಾನಾದಲ್ಲಿ ಗ್ರಾಫ್. ಇದನ್ನು ವಿವರಿಸುವ ಪಾಠಗಳು ಬೇಕಾದಷ್ಟಿವೆ. ಅಷ್ಟಕ್ಕೂ 1951ರಿಂದ ಇಂಜಿನಿಯರಿಂಗ್ ಕಾಲೇಜ್ ಇರುವ ಊರು ಇದು. ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಕೇಳಿದರೆ ಖುಷಿಯಿಂದ ಮಾಡಿಕೊಡುತ್ತಾರೆ.

ಹಂತ 5: ಶಾಖದ ಲೆಕ್ಕ

ಬೀಡಿನ ಪ್ರತಿ ಮಿಲಿಮೀಟರಿಗೆ ಎಷ್ಟು ಶಾಖ ಹೋಯಿತು ಎನ್ನುವುದು ಮುಖ್ಯ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿ, 60ರಿಂದ ಗುಣಿಸಿ, ಟಾರ್ಚ್ ಸಾಗುವ ವೇಗದಿಂದ (ನಿಮಿಷಕ್ಕೆ ಮಿಲಿಮೀಟರಿನಲ್ಲಿ) ಭಾಗಿಸಿ, 1000ದಿಂದ ಭಾಗಿಸಿ. 20 ವೋಲ್ಟ್, 160 ಆಂಪಿಯರ್, ನಿಮಿಷಕ್ಕೆ 300 ಮಿ.ಮೀ. ಆದರೆ 0.64 ಕಿಲೋಜೂಲ್. ಮಿಗ್ ವೆಲ್ಡಿಂಗಿಗೆ ದಕ್ಷತೆ 0.8 ಹಿಡಿಯುವುದು ರೂಢಿ, ಹಾಗಾಗಿ 0.51. ಅದೇ ವೆಲ್ಡರ್ ಸಂಜೆ ದಣಿದು 200ರ ವೇಗಕ್ಕೆ ಇಳಿದರೆ 0.77. ತೆಳು ತಗಡು ಸೊಟ್ಟಗಾಗಲು ಇಷ್ಟು ಸಾಕು.

ಒಂದು ಎಚ್ಚರಿಕೆ. ಸರಾಸರಿ ವೋಲ್ಟೇಜನ್ನು ಸರಾಸರಿ ಕರೆಂಟಿನಿಂದ ಗುಣಿಸಿದರೆ ನಿಜಕ್ಕಿಂತ ಹೆಚ್ಚು ಬರುತ್ತದೆ. ಶಾರ್ಟ್ ಆದ ಕ್ಷಣ ಕರೆಂಟ್ ಏರಿರುತ್ತದೆ, ವೋಲ್ಟೇಜ್ ನೆಲ ಕಚ್ಚಿರುತ್ತದೆ. ಎರಡೂ ಒಟ್ಟಿಗೆ ಮೇಲಿರುವುದೇ ಇಲ್ಲ. ಪ್ರತಿ ಓದಿನಲ್ಲೂ ಎರಡನ್ನು ಗುಣಿಸಿ, ಆ ಗುಣಲಬ್ಧಗಳ ಸರಾಸರಿ ತೆಗೆಯಬೇಕು. ಕರೆಂಟನ್ನು ಮಿಡಿತದಂತೆ ಕೊಡುವ ಪಲ್ಸ್ ಮಷಿನ್ ಇದ್ದವರಿಗಂತೂ ಬೇರೆ ದಾರಿಯಿಲ್ಲ.

ಹಂತ 6: ಒಂದು ತಿಂಗಳು ಬರೀ ನೋಡಿ

ಪೆಟ್ಟಿಗೆ ಹಚ್ಚಿದ ಮೊದಲ ವಾರ ನಮ್ಮ ವೆಲ್ಡರುಗಳು ಮಾತು ನಿಲ್ಲಿಸಿದರು. ಆರ್ಕ್ ಎಷ್ಟು ಹೊತ್ತು ಉರಿಯಿತು ಎನ್ನುವುದು ಅಂಕಿ ತೋರಿಸುವ ಬೋರ್ಡಿನ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಒಬ್ಬರು ಕೇಳಿಯೇ ಬಿಟ್ಟರು: "ಅಣ್ಣಾ, ಬೀಡಿ ಸೇದಾಕ ಹೋದರೂ ಇದರಾಗ ಬರ್ತೈತೇನು?" ತಪ್ಪು ನನ್ನದು. ಆರ್ಕ್ ಟೈಮ್ ಕಡಿಮೆ ಇರುವುದು ಹೆಚ್ಚಾಗಿ ಪ್ಲೇಟ್ ಬರಲಿಲ್ಲ, ಕ್ರೇನ್ ಸಿಗಲಿಲ್ಲ, ಜೋಡಣೆ ಕೂರಲಿಲ್ಲ ಅಂತ. ಆ ಅಂಕಿಯನ್ನು ಬೋರ್ಡಿನಿಂದ ತೆಗೆಸಿದೆ. ಡೇಟಾದ ಮೇಲೆ ಕೂಲಿ ಕಡಿಯುವುದಿಲ್ಲ ಎಂದು ಎಲ್ಲರ ಎದುರು ಮಾಲೀಕರಿಂದಲೇ ಹೇಳಿಸಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಇಲ್ಲದಿದ್ದರೆ ಸೆನ್ಸರ್ ವೈರುಗಳು ತಾವಾಗಿಯೇ ತುಂಡಾಗುತ್ತವೆ, ಯಾಕೆಂದು ಯಾರಿಗೂ ಗೊತ್ತಿರುವುದಿಲ್ಲ.

ಈ ತಿಂಗಳಲ್ಲಿ ಹಿರಿಯ ವೆಲ್ಡರನ್ನು ಪಕ್ಕ ಕೂರಿಸಿಕೊಂಡು ಬೇಕಂತಲೇ ತಪ್ಪು ಮಾಡಿಸಿ. ಸವೆದ ಟಿಪ್ ಹಾಕಿಸಿ, ಗ್ಯಾಸ್ ಕಡಿಮೆ ಮಾಡಿಸಿ, ಟಾರ್ಚನ್ನು ದೂರ ಹಿಡಿಸಿ, ಅರ್ಥ್ ಕ್ಲ್ಯಾಂಪನ್ನು ಬಣ್ಣದ ಮೇಲೆ ಹಾಕಿಸಿ. ಪ್ರತಿಯೊಂದಕ್ಕೂ ಗ್ರಾಫ್ ಹೇಗೆ ಬರುತ್ತದೆ ಎಂದು ಹೆಸರು ಬರೆದಿಡಿ. ಈ ಹೆಸರಿಟ್ಟ ಡೇಟಾ ಇಲ್ಲದೆ ಮಷಿನ್ ಲರ್ನಿಂಗ್ ಮಾತಾಡುವುದು ವ್ಯರ್ಥ.

ನಾವು ಕಲಿತದ್ದು ಇದು. ಕರೆಂಟ್ ಇಳಿದಿದೆ, ತಂತಿಯ ವೇಗ ಹಾಗೇ ಇದೆ, ವೋಲ್ಟೇಜೂ ಸರಿ ಇದೆ ಅಂದರೆ ಟಾರ್ಚ್ ದೂರವಾಗಿದೆ. ಟಿಪ್ಪಿನಿಂದ ಹೊರಗಿರುವ ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ತಂತಿ ತಾನೇ ಕಾದು ಕಡಿಮೆ ಕರೆಂಟಿನಲ್ಲಿ ಕರಗುತ್ತದೆ, ಆದರೆ ಪ್ಲೇಟ್ ಕಾಯುವುದಿಲ್ಲ. ಬೀಡು ಮೇಲೆ ನೋಡಲು ಚಂದ, ಒಳಗೆ ಹಿಡಿದೇ ಇರುವುದಿಲ್ಲ. ನಮ್ಮ ಡ್ರಾಬಾರಿನ ಕಥೆ ಹೆಚ್ಚುಕಡಿಮೆ ಇದೇ ಅಂತ ನನ್ನ ಊಹೆ. ಆ ಮೂಲೆಗೆ ನಾಜಲ್ ಪೂರ್ತಿ ಒಳಗೆ ಹೋಗುತ್ತಲೇ ಇರಲಿಲ್ಲ. ಕರೆಂಟಿನ ಜೊತೆ ತಂತಿಯ ವೇಗವೂ ಇಳಿದರೆ ತಂತಿ ಸಾಗುವ ಕೊಳವೆ, ಅಂದರೆ ಲೈನರಿನಲ್ಲಿ ಕಸ, ಇಲ್ಲವೇ ರೋಲರ್ ಸವೆದಿದೆ. ತಂತಿಯ ವೇಗ ಸ್ಥಿರ, ಕರೆಂಟ್ ಮಾತ್ರ ಕುಣಿಯುತ್ತಿದೆ, ಶಾರ್ಟುಗಳ ನಡುವಿನ ಅಂತರ ಏರುಪೇರು ಅಂದರೆ ಟಿಪ್ ನೋಡಿ. ಟರ್ಮಿನಲ್ಲಿನಲ್ಲಿ ವೋಲ್ಟೇಜ್ ಸರಿ, ಜಾಬಿನಲ್ಲಿ ಕಡಿಮೆ ಅಂದರೆ ಕೇಬಲ್ ಇಲ್ಲವೇ ಅರ್ಥ್. ನಾಲ್ಕೂ ಮಷಿನ್ನಿನಲ್ಲಿ ಒಂದೇ ಗಳಿಗೆಗೆ ಎಲ್ಲವೂ ಇಳಿದರೆ ಲೈನ್ ವೋಲ್ಟೇಜೇ ಕುಸಿದಿದೆ, ವೆಲ್ಡರನ್ನು ಬೈಯಬೇಡಿ.

ಹಂತ 7: ಮಿತಿ ಹಾಕಿ ಗಂಟೆ ಕಟ್ಟುವುದು

ತಿಂಗಳ ಒಳ್ಳೆಯ ಬೀಡುಗಳಿಂದಲೇ ಮಿತಿ ತೆಗೆಯಿರಿ, ಪುಸ್ತಕದಿಂದ ಬೇಡ. ಪ್ರತಿ ಜಾಯಿಂಟಿಗೂ ಬೇರೆ ಮಿತಿ. ಆರ್ಕ್ ಹೊತ್ತಿದ ಮೊದಲ ಅರ್ಧ ಸೆಕೆಂಡ್, ಆರುವ ಮುಂಚಿನ ಅರ್ಧ ಸೆಕೆಂಡ್ ಲೆಕ್ಕಕ್ಕೆ ಬೇಡ. ಎರಡು ಸೆಕೆಂಡಿಗಿಂತ ಚಿಕ್ಕದೆಲ್ಲ ಟ್ಯಾಕ್ (ಹಿಡಿದಿಡಲು ಹಾಕುವ ಸಣ್ಣ ಬೆಸುಗೆ) ಎಂದು ಬೇರೆ ಇಡಿ. ಒಂದು ಸೆಕೆಂಡ್ ಪೂರ್ತಿ ಮಿತಿಯಾಚೆ ಇದ್ದರೆ ಮಾತ್ರ ಗಂಟೆ ಬಾರಿಸಲಿ. ನಾವು ಮೊದಲು ಬಹಳ ಬಿಗಿಯಾಗಿ ಇಟ್ಟೆವು, ಗಂಟೆ ದೇವಸ್ಥಾನದ ಹಾಗೆ ಬಾರಿಸುತ್ತಲೇ ಇತ್ತು, ಮೂರನೇ ದಿನಕ್ಕೆ ಯಾರೋ ಅದಕ್ಕೆ ಬಟ್ಟೆ ತುರುಕಿದ್ದರು.

ಹಂತ 8: ಕತ್ತರಿಸಿ ನೋಡಿ

ಕರೆಂಟ್, ವೋಲ್ಟೇಜ್ ಆರ್ಕ್ ಹೇಗೆ ಉರಿಯಿತು ಎಂದು ಹೇಳುತ್ತವೆ. ಎಲ್ಲಿ ಉರಿಯಿತು ಎಂದು ಹೇಳುವುದಿಲ್ಲ. ಟಾರ್ಚ್ ಜಾಯಿಂಟಿನಿಂದ ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿದು ಬರೀ ಪ್ಲೇಟಿನ ಮೇಲೆ ಬೀಡು ಎಳೆದರೂ ಗ್ರಾಫ್ ಹಸಿರಾಗಿಯೇ ಇರುತ್ತದೆ. ನಮ್ಮಲ್ಲಿ ಇದು ಆಗಿದೆ, ಪೆಟ್ಟಿಗೆಯನ್ನು ನಂಬಿ ಕಣ್ಣಿನ ತಪಾಸಣೆ ಬಿಟ್ಟ ವಾರದಲ್ಲೇ.

ಹಾಗಾಗಿ ಪ್ರತಿ ಜಾಯಿಂಟಿನ ಒಂದು ಮಾದರಿ ತುಂಡು ಮಾಡಿ, ಅಡ್ಡ ಕತ್ತರಿಸಿ, ನುಣುಪಾಗಿ ಉಜ್ಜಿ, ನೈಟಾಲ್ ಹಚ್ಚಿ. ಬೆಸುಗೆ ಎಷ್ಟು ಆಳ ಹೋಗಿದೆ ಎಂದು ಗೆರೆ ಎಳೆದಂತೆ ಕಾಣುತ್ತದೆ. ನೈಟಾಲ್ ಎಂದರೆ ಆಲ್ಕೊಹಾಲಿನಲ್ಲಿ ಸ್ವಲ್ಪ ನೈಟ್ರಿಕ್ ಆಸಿಡ್. ಆಸಿಡನ್ನೇ ಆಲ್ಕೊಹಾಲಿಗೆ ನಿಧಾನ ಹಾಕಬೇಕು, ಬೇಕಾದಷ್ಟೇ ಮಾಡಬೇಕು, ಬಾಟಲಿಯಲ್ಲಿ ಬಿಗಿದಿಟ್ಟರೆ ಸಿಡಿಯಬಹುದು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಯಾವ ದೋಷ ಎಷ್ಟಿದ್ದರೆ ನಡೆಯುತ್ತದೆ ಎಂಬುದಕ್ಕೆ ಐಎಸ್‌ಒ 5817ರಲ್ಲಿ ಬಿ, ಸಿ, ಡಿ ಎಂದು ಮೂರು ದರ್ಜೆ ಇವೆ, ಬಿ ಎಲ್ಲಕ್ಕಿಂತ ಬಿಗಿ. ಗ್ರಾಹಕರ ಜೊತೆ ಮೊದಲೇ ಒಂದನ್ನು ಒಪ್ಪಿಕೊಂಡಿರಿ.

ಹಂತ 9: ಈಗ ಆಟೊಮೇಷನ್

ಮನುಷ್ಯನ ಕೈ ಎರಡು ಮಿಲಿಮೀಟರ್ ಗ್ಯಾಪ್ ಕಂಡರೆ ತಾನೇ ಸ್ವಲ್ಪ ಆಡಿಸಿ ತುಂಬುತ್ತದೆ. ರೈಲಿನ ಮೇಲೆ ಓಡುವ ಟಾರ್ಚಿಗೆ ಆ ಬುದ್ಧಿ ಇಲ್ಲ. ಜಾಯಿಂಟ್ ತನ್ನ ಜಾಗದಿಂದ ತಂತಿಯ ಅರ್ಧ ವ್ಯಾಸಕ್ಕಿಂತ, ಅಂದರೆ ನಮ್ಮ ತಂತಿಗೆ 0.6 ಮಿ.ಮೀ.ಗಿಂತ ಹೆಚ್ಚು ಆಚೀಚೆ ಇರಬಾರದು. ಕಟಿಂಗ್ ಸರಿಯಿಲ್ಲದೆ, ಜಿಗ್ ಇಲ್ಲದೆ ಇದು ಸಿಗುವುದಿಲ್ಲ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಹೋಗಿದ್ದು ಜಿಗ್ಗಿಗೇ, ಎಲೆಕ್ಟ್ರಾನಿಕ್ಸಿಗೆ ಅಲ್ಲ. ಅದರಿಂದ ಕೈ ವೆಲ್ಡಿಂಗೂ ಸುಧಾರಿಸಿತು.

ಚಾಸಿಯ ಉದ್ದನೆಯ ನೇರ ಬೀಡುಗಳಿಂದ ಶುರು ಮಾಡಿ. ರೈಲು, ರ‍್ಯಾಕ್, ಸ್ಟೆಪ್ಪರ್ ಮೋಟಾರ್, ಟಾರ್ಚ್ ಹಿಡಿಯುವ ಕೈ, ಇವೆಲ್ಲ ಸೇರಿ ರೈಲಿನ ಮೇಲೆ ಓಡುವ ಗಾಡಿ. ಮುಂಚೆ ಕಟ್ಟಿದ ಕರೆಂಟ್ ಸೆನ್ಸರ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಕ್ರಮ ಹೀಗಿರಲಿ: ಗ್ಯಾಸ್ ಮೊದಲು, ನಂತರ ಟ್ರಿಗರ್. ಕರೆಂಟ್ 50 ಆಂಪಿಯರ್ ದಾಟಿ 0.3 ಸೆಕೆಂಡ್ ನಿಂತ ಮೇಲೆಯೇ ಗಾಡಿ ಹೊರಡಬೇಕು. ಒಂದೂವರೆ ಸೆಕೆಂಡಿನಲ್ಲಿ ಆರ್ಕ್ ಹೊತ್ತದಿದ್ದರೆ ತಂತಿ ನಿಲ್ಲಿಸಿ ಗಂಟೆ. ನಡುವೆ ಆರ್ಕ್ ಕಳೆದುಹೋದರೆ ಗಾಡಿ ಅಲ್ಲೇ ನಿಲ್ಲಬೇಕು, ಎಷ್ಟು ಮಿಲಿಮೀಟರಿನಲ್ಲಿ ನಿಂತಿತು ಎಂದು ಬರೆದಿಡಬೇಕು. ಕೊನೆಯಲ್ಲಿ ಗಾಡಿ ನಿಂತು ಅರ್ಧದಿಂದ ಒಂದು ಸೆಕೆಂಡ್ ಕುಳಿ ತುಂಬಿಸಿ, ಆಮೇಲೆ ಆರ್ಕ್ ಆರಲಿ, ಗ್ಯಾಸ್ ಕೊನೆಗೆ.

ಟ್ರಿಗರ್ ವೈರಿಗೆ ರಿಲೇಯ ಒಣ (ತನ್ನದೇ ವೋಲ್ಟೇಜ್ ಇಲ್ಲದ) ಕಾಂಟ್ಯಾಕ್ಟ್ ಮಾತ್ರ ಕೊಡಿ. ಕೆಲವು ಫೀಡರುಗಳಲ್ಲಿ ಆ ವೈರಿನಲ್ಲಿ 42 ವೋಲ್ಟ್ ಎಸಿ ಇರುತ್ತದೆ. ತುರ್ತು ನಿಲುಗಡೆ ಬಟನ್ ಪ್ರೋಗ್ರಾಮಿನ ಮೂಲಕ ಹೋಗಬಾರದು, ಮೋಟಾರ್ ಮತ್ತು ಟ್ರಿಗರ್ ಎರಡನ್ನೂ ನೇರ ಕಡಿಯಬೇಕು. ಅರ್ಥನ್ನು ಜಾಬಿಗೇ ಹಾಕಿ; ರೋಟೇಟರ್ ಇದ್ದರೆ ಅದರ ಬೇರಿಂಗ್ ಮೂಲಕ ಕರೆಂಟ್ ಹೋದರೆ ಗುಂಡುಗಳು ಸುಟ್ಟು ಕಚ್ಚಿಕೊಳ್ಳುತ್ತವೆ. ಎರಡು ಮೀಟರ್ ಬೀಡು ಹಾಕುತ್ತಾ ಹೋದಂತೆ ಪ್ಲೇಟ್ ಕಾದು ಬಾಯಿ ತೆರೆಯುತ್ತದೆ, 150ರಿಂದ 200 ಮಿ.ಮೀ.ಗೊಂದು ಟ್ಯಾಕ್ ಬೇಕು, ಟ್ಯಾಕಿನ ಉಬ್ಬು ಗ್ರೈಂಡ್ ಮಾಡಿರಬೇಕು.

ಜಾಯಿಂಟ್ ಇನ್ನೂ ಆಚೀಚೆ ಆಗುತ್ತಿದ್ದರೆ ಟಾರ್ಚನ್ನು ಎಡಬಲ ಆಡಿಸಿ ಎರಡೂ ತುದಿಯ ಕರೆಂಟ್ ಹೋಲಿಸುವ ಉಪಾಯವಿದೆ. ಎರಡು ಪ್ಲೇಟ್ ಮೂಲೆಯಾಗಿ ಕೂಡುವ ಫಿಲೆಟ್ ಜಾಯಿಂಟಿನಲ್ಲಿ ಟಾರ್ಚ್ ಗೋಡೆಗೆ ಹತ್ತಿರವಾದ ಕಡೆ ಕರೆಂಟ್ ಹೆಚ್ಚು. ಎರಡೂ ಸಮ ಬರುವ ತನಕ ಸರಿಸುತ್ತಾ ಹೋಗುವುದು. ಬೇರೆ ಸೆನ್ಸರ್ ಬೇಡ, ಆರ್ಕೇ ಸೆನ್ಸರ್. ಆದರೆ ತೆಳು ತಗಡಿಗೆ, ಲ್ಯಾಪ್ ಜಾಯಿಂಟಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಗೋಡೆ ಸಿಗುವುದೇ ಕಷ್ಟ.

ಗಾಡಿ ಓಡಲು ಶುರುವಾದ ಮೇಲೆ ಹಿರಿಯ ವೆಲ್ಡರನ್ನು ಎಲ್ಲಿ ಹಾಕುವುದು ಎಂದು ಮಾಲೀಕರು ಕೇಳಿದರು. ಅವರೀಗ ಬೆಳಿಗ್ಗೆ ಬಂದು ಟಿಪ್, ನಾಜಲ್, ಲೈನರ್, ಸೊನ್ನೆ ಓದು ನೋಡಿ ಚೀಟಿಗೆ ಸಹಿ ಹಾಕಿದರೆ ಮಾತ್ರ ಗಾಡಿಯ ಸ್ವಿಚ್ಚಿನ ಬೀಗ ತೆಗೆಯುತ್ತೇವೆ. ಬೀಗದ ಕೈ ಅವರ ಉಡದಾರದಲ್ಲೇ ಇರುತ್ತದೆ.